ಹೋಸ್ಟ್ ವೇಸ್ಟಾ, ಸ್ಕಿಟ್ ವೇಸ್ಟಾ? ಸ್ಯಾಟರ್ಡೇ ನೈಟ್ ಲೈವ್ ಜಗಳ ಅರ್ಥ ಆಗ್ಬೇಕಂದ್ರೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ, ನಾವಿಲ್ಲಿ ಎರಡನೇ ದೋಸೆ ಹಾಕಿಸ್ಕೊಳ್ತಾ ಇರೋ ಹೊತ್ತಿಗೆ, ನ್ಯೂಜೆರ್ಸಿಯಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಫ್ಯಾಮಿಲಿ ಗ್ರೂಪಿಗೆ ಒಂದು ಕ್ಲಿಪ್ ಹಾಕ್ತಾನೆ, ಕೆಳಗೆ "ಈ ವಾರ ಹೋಸ್ಟ್ ವೇಸ್ಟ್" ಅಂತ ಒಂದು ಲೈನು. ಸಿಯಾಟಲ್‌ನಲ್ಲಿರೋ ಅವನ ತಂಗಿ ತಕ್ಷಣ "ಹೋಗೋ, ಹೋಸ್ಟ್ ಸೂಪರ್, ಬರೆದಿರೋದೇ ಸಪ್ಪೆ" ಅಂತಾಳೆ. ಅಲ್ಲಿಂದ ಶುರು, ಮಧ್ಯಾಹ್ನದ ಊಟದವರೆಗೂ ಇವರಿಬ್ಬರದ್ದೇ. ಹೋದ ತಿಂಗಳು ಮೈಸೂರಿಂದ ನಮ್ಮ ದೊಡ್ಡಮ್ಮ ಮಧ್ಯದಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದ್ರು: "ಅಲ್ರೋ, ಇವ್ರೆಲ್ಲ ಒಬ್ಬರ ಮುಖ ಒಬ್ಬರು ನೋಡಲ್ವಲ್ಲ, ಎಲ್ಲಾರೂ ಪಕ್ಕಕ್ಕೆ ಏನೋ ನೋಡ್ಕೊಂಡು ಮಾತಾಡ್ತಾರಲ್ಲ, ಯಾಕೆ?" ಯಾರೂ ಉತ್ತರ ಕೊಡ್ಲಿಲ್ಲ. ನನಗನ್ಸತ್ತೆ ಆ ಪ್ರಶ್ನೆಗೆ ಉತ್ತರ ಗೊತ್ತಾದ್ರೆ ಅಣ್ಣ ತಂಗಿ ಜಗಳದಲ್ಲಿ ಅರ್ಧ ಅಲ್ಲೇ ಮುಗಿಯತ್ತೆ. ಶಾರ್ಟ್ಸ್, ರೀಲ್ಸ್ ದಯೆಯಿಂದ ಈಗ ಈ ಶೋನ ತುಣುಕುಗಳು ನಮ್ಮ ಎಲ್ಲರ ಫೋನಿಗೂ ಬರ್ತಿವೆ, ಕಾಮೆಂಟಲ್ಲಿ ಜನ ಯಾಕೆ ಹಿಂಗೆ ಬಡಿದಾಡ್ತಾರೆ ಅಂತ ತಲೆಬುಡ ಗೊತ್ತಾಗಲ್ಲ, ಅದಕ್ಕೆ ಇದು.

ಮೊದಲು, ಇದು ಎಂಥ ಶೋ

1975ರ ಅಕ್ಟೋಬರ್ 11ರ ರಾತ್ರಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾಗಿದ್ದು. ಶುರು ಮಾಡಿದವರು ಲಾರ್ನ್ ಮೈಕಲ್ಸ್ ಅಂತ ಕೆನಡಾದವರು, 1980ರಿಂದ 1985ರವರೆಗೆ ಐದು ವರ್ಷ ಬಿಟ್ಟು ಹೋಗಿದ್ರು, ವಾಪಸ್ ಬಂದ್ಮೇಲೆ ಮತ್ತೆ ಅವರದ್ದೇ ಯಜಮಾನಿಕೆ. ಜಾಗ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಪ್ಲಾಜಾದಲ್ಲಿ ಸ್ಟುಡಿಯೋ 8ಎಚ್. 2025ರ ಫೆಬ್ರವರಿ 16ಕ್ಕೆ ಐವತ್ತು ವರ್ಷದ ವಿಶೇಷ ಕಾರ್ಯಕ್ರಮ ಮಾಡಿದ್ರು.

ಶನಿವಾರ ರಾತ್ರಿ ಹನ್ನೊಂದೂವರೆಗೆ ಶುರು, ಜಾಹೀರಾತೆಲ್ಲ ಸೇರಿ ಒಂದೂವರೆ ಗಂಟೆ. ಮೊದಲಿಗೆ ಬರೋದು ಕೋಲ್ಡ್ ಓಪನ್, ಅಂದ್ರೆ ಟೈಟಲ್ ಬರೋಕೆ ಮುಂಚೆನೇ ಸೀದಾ ಒಂದು ಸ್ಕಿಟ್, ಸಾಮಾನ್ಯವಾಗಿ ಆ ವಾರದ ರಾಜಕೀಯದ ಮೇಲೆ. ಅದರ ಕೊನೆಗೆ ಯಾರಾದ್ರೂ ಕ್ಯಾಮೆರಾ ಕಡೆ ತಿರುಗಿ "ಲೈವ್ ಫ್ರಮ್ ನ್ಯೂಯಾರ್ಕ್, ಇಟ್ಸ್ ಸ್ಯಾಟರ್ಡೇ ನೈಟ್" ಅಂತ ಕೂಗ್ತಾರೆ. ಆಮೇಲೆ ಹೋಸ್ಟ್ ಒಬ್ಬರೇ ನಿಂತು ಮಾತಾಡೋ ಮೊನೊಲಾಗು, ಆಮೇಲೆ ಸ್ಕಿಟ್‌ಗಳು, ನಡುವೆ ನ್ಯೂಸ್ ಓದೋ ಥರ ಗೇಲಿ ಮಾಡೋ ವೀಕೆಂಡ್ ಅಪ್‌ಡೇಟು, ಹಾಡುಗಾರರ ಎರಡು ಹಾಡು. ಇಷ್ಟೇ ಚೌಕಟ್ಟು, ಐವತ್ತು ವರ್ಷದಿಂದ ಹೆಚ್ಚೂಕಮ್ಮಿ ಹಿಂಗೇ.

ನಮ್ಮ ಮಜಾ ಟಾಕೀಸು, ಕಾಮಿಡಿ ಕಿಲಾಡಿಗಳು ನೋಡಿದವರಿಗೆ ಇದೂ ಅದೇ ಥರ ಅನ್ನಿಸಬಹುದು. ಆದ್ರೆ ಅವು ಮೊದಲೇ ಶೂಟ್ ಮಾಡಿ, ಸಪ್ಪೆ ಇದ್ದದ್ದು ಕತ್ತರಿಸಿ, ಮ್ಯೂಸಿಕ್ ಹಾಕಿ ಆಮೇಲೆ ಪ್ರಸಾರ ಮಾಡೋ ಶೋಗಳು. ಇದು ನಿಜವಾಗ್ಲೂ ಲೈವ್. ತಪ್ಪಾದ್ರೆ ತಪ್ಪೇ ಹೋಗತ್ತೆ. 2004ರ ಅಕ್ಟೋಬರ್‌ನಲ್ಲಿ ಆಶ್ಲೀ ಸಿಂಪ್ಸನ್ ಅನ್ನೋ ಗಾಯಕಿ ಎರಡನೇ ಹಾಡಿಗೆ ನಿಂತಾಗ, ಮೊದಲು ಹಾಡಿದ್ದ ಹಾಡಿನ ರೆಕಾರ್ಡಿಂಗೇ ಮತ್ತೆ ಪ್ಲೇ ಆಗೋಯ್ತು, ಮೈಕು ಬಾಯಿಂದ ದೂರ ಇದೆ, ಧ್ವನಿ ಮಾತ್ರ ಬರ್ತಾ ಇದೆ! ಪಾಪ, ಒಂಚೂರು ಕುಣಿದಂಗೆ ಮಾಡಿ ಸ್ಟೇಜ್ ಬಿಟ್ಟು ಹೋದ್ಳು. ಇಡೀ ದೇಶ ನೋಡ್ತು. ಹಾಗಾಗಿ ಇದನ್ನ ಟೀವಿ ಶೋ ಅನ್ನೋದಕ್ಕಿಂತ ಕಂಪನಿ ನಾಟಕಕ್ಕೆ ಹೋಲಿಸಿದ್ರೆ ಸರಿ ಹೋಗತ್ತೆ.

ಹೋಸ್ಟ್ ಅಂದ್ರೆ ಆಂಕರ್ ಅಲ್ಲ

ಇಲ್ಲೇ ಬಹಳ ಜನ ಎಡವೋದು. ನಮ್ಮಲ್ಲಿ ಹೋಸ್ಟ್ ಅಂದ್ರೆ ಮೈಕ್ ಹಿಡ್ಕೊಂಡು ನಿರೂಪಣೆ ಮಾಡೋರು, ಶೋ ಪೂರ್ತಿ ಅವರದ್ದೇ. ಇಲ್ಲಿ ಹೋಸ್ಟ್ ಅಂದ್ರೆ ಒಂದು ವಾರದ ಅತಿಥಿ. ಬಾದಾಮಿ ಬನಶಂಕರಿ ಜಾತ್ರೆಲಿ ನಾಟಕ ಕಂಪನಿಗಳು ಟೆಂಟ್ ಹಾಕ್ತಾವಲ್ಲ, ಅಲ್ಲಿಗೆ ಸಿನಿಮಾದವರು, ಟೀವಿಯವರು ಅತಿಥಿ ಕಲಾವಿದರಾಗಿ ಬಂದು ಪಾರ್ಟ್ ಮಾಡಿ ಹೋಗ್ತಾರಲ್ಲ, ಹಂಗೆ ಅಂದ್ಕೊಳ್ಳಿ. ಕಂಪನಿ ನಟರು ದಿನಾ ಅದೇ ಕೆಲಸ ಮಾಡೋರು, ಬಂದವರಿಗೆ ಮಾತ್ರ ಎಲ್ಲಾ ಹೊಸತು, ಆದ್ರೂ ಬ್ಯಾನರ್ ಮೇಲೆ ಅವರದ್ದೇ ಫೋಟೋ ದೊಡ್ಡದು.

ಶುರುನಲ್ಲಿ ಹಿಂಗಿರ್ಲಿಲ್ಲ. ಮೊಟ್ಟಮೊದಲ ಎಪಿಸೋಡಿನ ಹೋಸ್ಟ್ ಜಾರ್ಜ್ ಕಾರ್ಲಿನ್ ಒಂದೇ ಒಂದು ಸ್ಕಿಟ್ಟಲ್ಲೂ ಇರ್ಲಿಲ್ಲ! ಆಗಾಗ ಬಂದು ತನ್ನ ಸ್ಟ್ಯಾಂಡಪ್ ಮಾಡಿ ಹೋದ, ಅಷ್ಟೇ. ಹೋಸ್ಟ್ ಎಲ್ಲಾ ಸ್ಕಿಟ್ಟಿಗೂ ಇಳೀಬೇಕು, ವಿಗ್ ಹಾಕ್ಬೇಕು, ಅವಮಾನ ಮಾಡಿಸ್ಕೋಬೇಕು ಅನ್ನೋ ಪದ್ಧತಿ ಆಮೇಲೆ ಗಟ್ಟಿಯಾಗಿದ್ದು.

ಯಾರು ಬೇಕಾದ್ರೂ ಹೋಸ್ಟ್ ಆಗ್ಬಹುದು. ಸಿನಿಮಾ ನಟರು, ಹಾಡುಗಾರರು, ಆಟಗಾರರು, ರಾಜಕಾರಣಿಗಳು. 1982ರಲ್ಲಿ ಡ್ರೂ ಬ್ಯಾರಿಮೋರ್ ಅನ್ನೋ ಬಾಲನಟಿ ಏಳು ವರ್ಷಕ್ಕೇ ಹೋಸ್ಟ್ ಮಾಡಿದ್ಲು. 2017ರ ಜನವರಿ 21ಕ್ಕೆ ಅಜೀಜ್ ಅನ್ಸಾರಿ ಅನ್ನೋ ಹಾಸ್ಯಗಾರ ಮಾಡಿದ್ರು, ಅಪ್ಪ ಅಮ್ಮ ತಮಿಳುನಾಡು ಕಡೆಯವರು, ದಕ್ಷಿಣ ಏಷ್ಯಾ ಮೂಲದವರೊಬ್ಬರು ಈ ಶೋ ಹೋಸ್ಟ್ ಮಾಡಿದ್ದು ಅದೇ ಮೊದಲು, ಅದೂ ಟ್ರಂಪ್ ಮೊದಲ ಸಲ ಪ್ರಮಾಣವಚನ ತಗೊಂಡ ಮಾರನೇ ದಿನ. ನಮ್ಮ ಗ್ರೂಪಲ್ಲಿ ಅವತ್ತು ಮಾತ್ರ ಯಾರೂ ಹೋಸ್ಟ್ ವೇಸ್ಟ್ ಅನ್ನಲಿಲ್ಲ. ಐದು ಸಲ ಹೋಸ್ಟ್ ಮಾಡಿದವರಿಗೆ ಫೈವ್ ಟೈಮರ್ಸ್ ಕ್ಲಬ್ ಅಂತ ಒಂದು ತಮಾಷೆಯ ಸಂಘ ಇದೆ, ಅದು 1990ರಲ್ಲಿ ಟಾಮ್ ಹ್ಯಾಂಕ್ಸ್ ಐದನೇ ಸಲ ಬಂದಾಗ ಮಾಡಿದ ಸ್ಕಿಟ್ಟಿಂದ ಹುಟ್ಟಿದ್ದು. ಎಲ್ಲಕ್ಕಿಂತ ಹೆಚ್ಚು ಸಲ ಮಾಡಿರೋದು ಅಲೆಕ್ ಬಾಲ್ಡ್‌ವಿನ್, 17 ಸಲ.

ಸೋಮವಾರ ಖಾಲಿ ಹಾಳೆ, ಶನಿವಾರ ಶೋ

ಈ ಭಾಗ ಸ್ವಲ್ಪ ನಿಧಾನಕ್ಕೆ ಓದಿ, ಜಗಳದ ಬೇರೆಲ್ಲಾ ಇಲ್ಲೇ ಇರೋದು.

ಸೋಮವಾರ ಸಂಜೆ ಲಾರ್ನ್ ಮೈಕಲ್ಸ್ ಆಫೀಸಲ್ಲಿ ಬರಹಗಾರರು, ನಟರು ಎಲ್ಲಾ ಒತ್ತೊತ್ತಾಗಿ ನೆಲದ ಮೇಲೆ, ಸೋಫಾ ಅಂಚಲ್ಲಿ ಕೂತಿರ್ತಾರೆ, ಹೋಸ್ಟ್ ಅವತ್ತೇ ಬಂದಿರ್ತಾರೆ. ಒಬ್ಬೊಬ್ಬರೂ ಒಂದೊಂದು ಐಡಿಯಾ ಹೇಳ್ಬೇಕು. ಬಹಳಷ್ಟು ಸುಮ್ಮನೆ ಹೇಳೋದು, ಪರಿಚಯ ಆಗ್ಲಿ ಅಂತ. ಮಂಗಳವಾರ ನಿಜವಾಗಿ ಬರೆಯೋ ದಿನ, ದಿನ ಅನ್ನೋದಕ್ಕಿಂತ ರಾತ್ರಿ, ಬೆಳಗಾಗೋವರೆಗೂ ಬರೀತಾರೆ. ಬುಧವಾರ ಟೇಬಲ್ ರೀಡ್, ಅಂದ್ರೆ ದೊಡ್ಡ ಮೇಜಿನ ಸುತ್ತ ಕೂತು ಸುಮಾರು ನಲವತ್ತು ಸ್ಕಿಟ್‌ಗಳನ್ನ ಒಂದಾದ್ಮೇಲೊಂದು ಜೋರಾಗಿ ಓದೋದು. ಅದರಲ್ಲಿ ಮೂರನೇ ಒಂದು ಭಾಗನೂ ಉಳಿಯಲ್ಲ. ಉಳಿದಿದ್ದಕ್ಕೆ ಅವತ್ತು ರಾತ್ರಿಯಿಂದಲೇ ಸೆಟ್ ಹಾಕೋ ಕೆಲಸ ಶುರು, ಬಡಗಿಗಳು, ಪೇಂಟರ್‌ಗಳು, ಬಟ್ಟೆ ಹೊಲಿಯೋರು, ವಿಗ್ ಮಾಡೋರು. ಗುರುವಾರ ಶುಕ್ರವಾರ ರಿಹರ್ಸಲ್ಲು, ಮೊದಲೇ ಶೂಟ್ ಮಾಡ್ಬೇಕಾದ ವಿಡಿಯೋಗಳು ಇದ್ರೆ ಅವೂ.

ಶನಿವಾರ ರಾತ್ರಿ ಎಂಟಕ್ಕೆ ಡ್ರೆಸ್ ರಿಹರ್ಸಲ್. ಹೆಸರಿಗೆ ರಿಹರ್ಸಲ್ಲು, ಆದ್ರೆ ಎದುರಿಗೆ ನಿಜವಾದ ಪ್ರೇಕ್ಷಕರು ಇರ್ತಾರೆ, ಲೈವಿಗೆ ಬೇಕಾಗಿರೋದಕ್ಕಿಂತ ಹೆಚ್ಚು ಸ್ಕಿಟ್ ಮಾಡಿ ತೋರಿಸ್ತಾರೆ. ಯಾವುದಕ್ಕೆ ಜನ ನಕ್ಕರು, ಯಾವುದಕ್ಕೆ ಕೆಮ್ಮಿದ್ರು, ನೋಡ್ತಾರೆ. ಹತ್ತು ಗಂಟೆಗೆ ಅದು ಮುಗಿಯತ್ತೆ, ಆ ಪ್ರೇಕ್ಷಕರನ್ನ ಕಳಿಸಿ ಬೇರೆ ಪ್ರೇಕ್ಷಕರನ್ನ ಕೂರಿಸ್ತಾರೆ, ಅಷ್ಟರೊಳಗೆ ಒಳಗಡೆ ಮೀಟಿಂಗಲ್ಲಿ ಕೆಲವು ಸ್ಕಿಟ್ ಪೂರ್ತಿ ಹೋಗತ್ತೆ, ಕೆಲವು ಅರ್ಧ ಆಗತ್ತೆ, ಮೊದಲಿದ್ದದ್ದು ಕೊನೆಗೆ ಹೋಗತ್ತೆ. ಹನ್ನೊಂದೂವರೆಗೆ ಲೈವು. ರೆಡಿ ಆಯ್ತು ಅಂತ ಶೋ ಶುರು ಮಾಡಲ್ಲ, ಹನ್ನೊಂದೂವರೆ ಆಯ್ತು ಅಂತ ಶುರು ಮಾಡ್ತೀವಿ ಅನ್ನೋದು ಲಾರ್ನ್ ಮೈಕಲ್ಸ್ ಮಾತು ಅಂತ ಅಲ್ಲಿ ಕೆಲಸ ಮಾಡಿದವರೆಲ್ಲ ಹೇಳ್ತಾರೆ.

ಈಗ ಯೋಚನೆ ಮಾಡಿ. ಹೋಸ್ಟ್ ಸೋಮವಾರ ಆ ಬಾಗಿಲೊಳಗೆ ಕಾಲಿಟ್ಟಾಗ ಒಂದು ಸ್ಕಿಟ್ಟೂ ಇರಲ್ಲ. ಬರಹಗಾರರು ಅವರನ್ನ ನೋಡಿ, ಮಾತಾಡಿಸಿ, ಇವರು ಏನು ಮಾಡಬಲ್ಲರು, ಯಾವುದಕ್ಕೆ ಮುಖ ಸಿಂಡರಿಸ್ತಾರೆ ಅಂತ ಅಳತೆ ಹಾಕಿ ಬರೀತಾರೆ. ಹೊಸ ಅಳಿಯ ಮೊದಲ ಸಲ ಮಾವನ ಮನೆಗೆ ಬಂದಂಗೆ. ನೆಲದ ಮೇಲೆ ಎಲ್ಲರ ಜೊತೆ ಕೂತು "ಇನ್ನೊಂದು ಸ್ವಲ್ಪ ಸಾರು ಹಾಕಿ" ಅಂದ್ರೆ ಮನೆಯವರಿಗೂ ಹುರುಪು, ಕೈಕಟ್ಟಿ ಕೂತ್ರೆ ಅಡುಗೆ ಮನೆಯಲ್ಲೂ ಮೌನ. ಹಾಗಾಗಿ ಅಣ್ಣ ಹೇಳೋ "ಹೋಸ್ಟ್ ವೇಸ್ಟ್", ತಂಗಿ ಹೇಳೋ "ಬರವಣಿಗೆ ವೇಸ್ಟ್" ಎರಡೂ ಬೇರೆ ಬೇರೆ ದೂರು ಅಲ್ಲ, ಐದು ದಿನದಲ್ಲಿ ಹೋಸ್ಟಿಗೂ ಬರಹಗಾರರಿಗೂ ಹೊಂದಿಕೆ ಆಯ್ತಾ ಇಲ್ವಾ ಅನ್ನೋ ಒಂದೇ ವಿಷಯನ ಎರಡು ಕಡೆಯಿಂದ ಎಳೀತಿದಾರೆ.

ಸರಿ, ದೊಡ್ಡಮ್ಮನ ಪ್ರಶ್ನೆ

ಪಕ್ಕಕ್ಕೆ ನೋಡೋದು ಕ್ಯೂ ಕಾರ್ಡನ್ನ. ದೊಡ್ಡ ಬಿಳಿ ರಟ್ಟಿನ ಹಾಳೆ, ಅದರ ಮೇಲೆ ಮಾರ್ಕರ್‌ನಲ್ಲಿ ಕೈಯಲ್ಲೇ ಬರೆದ ಡೈಲಾಗು, ಕ್ಯಾಮೆರಾ ಪಕ್ಕ ಒಬ್ಬರು ಹಿಡ್ಕೊಂಡು ನಿಂತಿರ್ತಾರೆ, ಮಾತು ಮುಂದೆ ಹೋದಂಗೆ ಒಂದೊಂದೇ ಹಾಳೆ ತೆಗೀತಾರೆ. ನ್ಯೂಸ್‌ನವರ ಥರ ಸ್ಕ್ರೀನ್ ಇಡಬಹುದಲ್ಲ ಅಂದ್ರೆ, ಸ್ಕ್ರೀನ್ ಕೈಕೊಟ್ರೆ ಲೈವಲ್ಲಿ ಗತಿ ಇಲ್ಲ, ರಟ್ಟು ಕೈಕೊಡಲ್ಲ.

ಬಾಯಿಪಾಠ ಯಾಕೆ ಮಾಡಲ್ಲ ಅಂತೀರಾ? ಮಾಡಿದ್ರೆ ಅಪಾಯನೇ ಜಾಸ್ತಿ. ಎಂಟು ಗಂಟೆಗೆ ಹೇಳಿದ ಡೈಲಾಗು ಹನ್ನೊಂದೂವರೆಗೆ ಇರಲ್ಲ. ಬದಲಾದ ಸಾಲಿನ ಮೇಲೆ ಬಿಳಿ ಟೇಪ್ ಅಂಟಿಸಿ ಹೊಸದು ಬರೆದಿರ್ತಾರೆ, ಶೋ ನಡೀತಾ ಇರೋವಾಗ್ಲೂ ಮುಂದಿನ ಸ್ಕಿಟ್ಟಿಗೆ ಬರೀತಾ ಇರ್ತಾರೆ. ಬಾಯಿಪಾಠ ಮಾಡಿದವರು ಹಳೇ ಸಾಲು ಹೇಳಿದ್ರೆ ಎದುರಿಗಿರೋರ ಉತ್ತರಕ್ಕೆ ಅರ್ಥನೇ ಇಲ್ಲ, ಕ್ಯಾಮೆರಾದವರಿಗೂ ಲೆಕ್ಕ ತಪ್ಪತ್ತೆ. ಆದ್ರಿಂದ "ಆ ನಟಿ ಕಾರ್ಡ್ ಓದ್ತಾ ಇದ್ದಳು" ಅನ್ನೋ ದೂರು ಪ್ರತಿ ವಾರ ಬರತ್ತೆ, ಪ್ರತಿ ವಾರ ನಿಜ ಕೂಡ, ಎಲ್ಲಾರೂ ಓದ್ತಾರೆ. ವ್ಯತ್ಯಾಸ ಇಷ್ಟೇ, ಕೆಲವರು ಓದ್ತಾ ಇರೋದು ಗೊತ್ತಾಗಲ್ಲ.

ಕೆಟ್ಟ ಹೋಸ್ಟ್ ಅಂದ್ರೆ ಯಾರು

ಹಳೇ ಫ್ಯಾನ್ಸ್ ಹತ್ರ ಕೇಳಿದ್ರೆ ಒಂದು ಹೆಸರು ಪಕ್ಕಾ ಬರತ್ತೆ, ಸ್ಟೀವನ್ ಸೀಗಲ್, ಫೈಟಿಂಗ್ ಸಿನಿಮಾಗಳ ಹೀರೋ, 1991ರ ಏಪ್ರಿಲ್‌ನಲ್ಲಿ ಹೋಸ್ಟ್ ಮಾಡಿದ್ದು. ತನ್ನನ್ನ ಗೇಲಿ ಮಾಡೋ ಜೋಕಿಗೆ ಒಪ್ತಿರ್ಲಿಲ್ಲ, ಬೇರೆಯವರ ಜೊತೆ ಹೊಂದ್ಕೊಳ್ಳಲಿಲ್ಲ ಅಂತ ಅವತ್ತಿನ ಕಲಾವಿದರೇ ಆಮೇಲೆ ಹೇಳಿದ್ದಾರೆ. ಮುಂದಿನ ವರ್ಷ ನಿಕೋಲಸ್ ಕೇಜ್ ಹೋಸ್ಟ್ ಆದಾಗ, ಈ ಶೋಗೆ ಬಂದವರಲ್ಲೇ ನಾನು ಅತಿ ಕೆಟ್ಟವನು ಅಂದ್ಕೊಳ್ತಾರೇನೋ ಅಂತ ಕೊರಗೋ ಥರ ಮಾಡಿದ್ದಕ್ಕೆ ಲಾರ್ನ್ ಮೈಕಲ್ಸ್ ಕ್ಯಾಮೆರಾ ಮುಂದೆನೇ, ಇಲ್ಲಪ್ಪ, ಅದು ಸ್ಟೀವನ್ ಸೀಗಲ್ ಅಂದುಬಿಟ್ರು. ಯಜಮಾನನೇ ತೀರ್ಪು ಕೊಟ್ಟಮೇಲೆ ಇನ್ನೇನು.

ಅದಕ್ಕೆ ತದ್ವಿರುದ್ಧ ಪೇಟನ್ ಮ್ಯಾನಿಂಗ್. ಅಮೆರಿಕನ್ ಫುಟ್‌ಬಾಲ್ ಆಟಗಾರ, ನಟನೆ ಕಸುಬಲ್ಲ, 2007ರ ಮಾರ್ಚ್‌ನಲ್ಲಿ ಬಂದ. ಆಟಗಾರರು ಬಂದ್ರೆ ಫ್ಯಾನ್ಸ್ ಮೊದಲೇ ಮೂಗು ಮುರೀತಾರೆ. ಇವನು ಏನು ಮಾಡ್ದ ಗೊತ್ತಾ, ಮಕ್ಕಳಿಗೆ ಆಟ ಕಲಿಸೋ ಸಮಾಜಸೇವೆ ಜಾಹೀರಾತಿನ ಅಣಕದಲ್ಲಿ, ನೆಟ್ಟಗೆ ಮುಖ ಇಟ್ಕೊಂಡು ಪುಟ್ಟ ಹುಡುಗರಿಗೆ ಬಾಲ್ ತಗೊಂಡು ಬೀಸಿ ಬೀಸಿ ಹೊಡೆದ, ಬೈದ. ಹೊರಗೆ ಅಷ್ಟು ಸಭ್ಯ ಅನ್ನೋ ಹೆಸರಿರೋನು! ತನ್ನ ಇಮೇಜನ್ನೇ ಒಲೆಗೆ ಹಾಕೋಕೆ ಅವನು ರೆಡಿ ಇದ್ದ, ಜನ ಇವತ್ತಿಗೂ ನೆನೆಸ್ಕೊಳ್ತಾರೆ.

ಇನ್ನೊಂದು ಥರದ ಸಿಟ್ಟಿದೆ, ಅದನ್ನ ಇದರ ಜೊತೆ ಕಲಸಬಾರದು. 2015ರ ನವೆಂಬರ್‌ನಲ್ಲಿ ಟ್ರಂಪ್ ಹೋಸ್ಟ್ ಆದಾಗ ಬಿಲ್ಡಿಂಗ್ ಹೊರಗೆ ಪ್ರತಿಭಟನೆ ನಡೀತು, 2021ರ ಮೇನಲ್ಲಿ ಇಲಾನ್ ಮಸ್ಕ್ ಬಂದಾಗ್ಲೂ ಫ್ಯಾನ್ಸ್ ಎರಡು ಪಂಗಡ ಆದ್ರು. ಅಲ್ಲಿ ಪ್ರಶ್ನೆ ಹೋಸ್ಟ್ ಹೆಂಗೆ ಮಾಡಿದ್ರು ಅನ್ನೋದಲ್ಲ, ಇವರನ್ನ ಕರೆದಿದ್ದೇ ಯಾಕೆ ಅನ್ನೋದು. ಕಾಮೆಂಟಲ್ಲಿ ಇವೆರಡೂ ಒಂದೇ ಸಾಲಲ್ಲಿ ಬರತ್ತೆ, ಓದೋವಾಗ ಬಿಡಿಸ್ಕೊಂಡು ಓದಿ.

ನಕ್ಕುಬಿಟ್ರೆ ಸರಿನಾ ತಪ್ಪಾ

ಸ್ಕಿಟ್ ಮಧ್ಯೆ ನಟರಿಗೇ ನಗು ತಡೆಯಕ್ಕಾಗದೆ ಹೋಗೋದಕ್ಕೆ ಅಲ್ಲಿ ಬ್ರೇಕಿಂಗ್ ಅಂತಾರೆ. ಫ್ಯಾನ್ಸ್ ಇದರಷ್ಟು ಇನ್ಯಾವುದಕ್ಕೂ ಇಬ್ಭಾಗ ಆಗಿಲ್ಲ.

2024ರ ಏಪ್ರಿಲ್ 13, ಹೋಸ್ಟ್ ರಯಾನ್ ಗೋಸ್ಲಿಂಗ್. ಸ್ಕಿಟ್ ಏನಂದ್ರೆ, ಟೀವಿಯಲ್ಲಿ ಎಐ ಬಗ್ಗೆ ಗಂಭೀರ ಚರ್ಚೆ, ಪ್ರೊಫೆಸರ್ ಪಾತ್ರದಲ್ಲಿ ಕೀನನ್ ಥಾಂಪ್ಸನ್, ಪ್ರಶ್ನೆ ಕೇಳೋ ಹೈಡಿ ಗಾರ್ಡ್ನರ್, ಹಿಂದೆ ಪ್ರೇಕ್ಷಕರು. ಪ್ರೊಫೆಸರ್ ಮಾತು ನಿಲ್ಲಿಸಿ, ಹಿಂದೆ ಕೂತಿರೋ ಒಬ್ಬರಿಂದ ಗಮನ ಹೋಗ್ತಿದೆ ಅಂತಾರೆ. ನೋಡಿದ್ರೆ ಗೋಸ್ಲಿಂಗ್, ಹಳೇ ಕಾರ್ಟೂನಿನ ಬೀವಿಸ್ ಥರಾನೇ ಕೂದಲು, ಅದೇ ಹಲ್ಲು, ತಾನು ಹಂಗಿದೀನಿ ಅನ್ನೋದೇ ಗೊತ್ತಿಲ್ದೆ ಕೂತಿದಾನೆ. ಅವನನ್ನ ಎಬ್ಬಿಸಿ ಬೇರೆ ಕಡೆ ಕೂರಿಸಿದ್ರೆ ಆ ಕಡೆ ಮೈಕಿ ಡೇ, ಅದೇ ಕಾರ್ಟೂನಿನ ಬಟ್‌ಹೆಡ್ ಥರ, ಒಸಡು ಪೂರ್ತಿ ಕಾಣೋ ಹಂಗೆ ಮೇಕಪ್ಪು. ಗಾರ್ಡ್ನರ್ ಹಿಂದೆ ತಿರುಗಿ ಅವನ ಮುಖ ನೋಡಿದ್ಲು, ಮುಗೀತು. ಮಾತೇ ಹೊರಡ್ಲಿಲ್ಲ, ಮುಖ ಮುಚ್ಕೊಂಡ್ಳು, ಸ್ಟುಡಿಯೋ ಎಲ್ಲಾ ಕಿರುಚಾಟ. ಹಿಂದೆ ಬೇರೆ ಹೋಸ್ಟ್‌ಗಳ ವಾರದಲ್ಲಿ ಪ್ರಯತ್ನ ಮಾಡಿ ಕೈಬಿಟ್ಟಿದ್ದ ಸ್ಕಿಟ್ಟಂತೆ ಅದು. ನಾನು ಒಂದು ಹತ್ತು ಸಲ ನೋಡಿರ್ತೀನಿ. ದೊಡ್ಡಮ್ಮನಿಗೆ ಬೀವಿಸ್ಸೂ ಗೊತ್ತಿಲ್ಲ ಬಟ್‌ಹೆಡ್ಡೂ ಗೊತ್ತಿಲ್ಲ, ಆದ್ರೂ ಆ ಹುಡುಗಿ ನಗೋದು ನೋಡಿ ಅವರೂ ನಕ್ಕರು.

ಇದರ ಪರ ಇರೋರು ಹೇಳೋದು, ಲೈವ್ ನೋಡೋದೇ ಇದಕ್ಕೆ, ಏನೋ ಒಂದು ಕೈಮೀರಿ ಹೋಗತ್ತೆ ಅಂತ. ವಿರೋಧ ಇರೋರು ಹೇಳೋದು, ನಟ ನಕ್ಕರೆ ಪಾತ್ರ ಸಾಯತ್ತೆ, ಕೆಲವರು ಬೇಕಂತಲೇ ನಗ್ತಾರೆ ಅಂತ. 2000ದ ಏಪ್ರಿಲ್‌ನಲ್ಲಿ ಕ್ರಿಸ್ಟೋಫರ್ ವಾಕನ್ ಹೋಸ್ಟ್ ಆಗಿದ್ದಾಗ ಮಾಡಿದ "ಮೋರ್ ಕೌಬೆಲ್" ಅನ್ನೋ ಸ್ಕಿಟ್ ಬಹಳ ಫೇಮಸ್, ವಿಲ್ ಫೆರೆಲ್ ಹೊಟ್ಟೆ ಕಾಣೋ ಬಿಗಿ ಶರ್ಟ್ ಹಾಕ್ಕೊಂಡು ದನದ ಕೊರಳ ಗಂಟೆ ಬಾರಿಸ್ತಾನೆ, ಪಕ್ಕದಲ್ಲಿ ಜಿಮ್ಮಿ ಫಾಲನ್ ನಗು ನುಂಗಕ್ಕಾಗದೆ ಒದ್ದಾಡ್ತಾನೆ. ಆ ಫಾಲನ್ ನಗು ಕೆಲವರಿಗೆ ಮುದ್ದು, ಕೆಲವರಿಗೆ ಇವತ್ತಿಗೂ ಉರಿ. ನನ್ನ ಪ್ರಕಾರ ಮೊದಲ ಸಲ ಬಂದ ನಗು ಚೆಂದ, ಅದೇ ಪಾತ್ರ ಮೂರನೇ ಸಲ ಬಂದಾಗ್ಲೂ ಅದೇ ಜಾಗದಲ್ಲಿ ನಕ್ಕರೆ ಅನುಮಾನ ಬರೋದು ಸಹಜ.

ಮತ್ತೆ ಅದೇ ಸ್ಕಿಟ್ಟಾ?

2024ರ ಅಕ್ಟೋಬರ್‌ನಲ್ಲಿ ಆರಿಯಾನಾ ಗ್ರಾಂಡೆ ಹೋಸ್ಟ್ ಆದ ವಾರ, ಮದುಮಗಳ ಗೆಳತಿಯರು ಆರತಕ್ಷತೆಯಲ್ಲಿ ಅಪಸ್ವರದಲ್ಲಿ ಹಾಡ್ತಾ, ಅವಳ ಗುಟ್ಟು ಮದುಮಗನ ಮುಂದೆ ಬಿಟ್ಟುಕೊಡ್ತಾರೆ, ಕೊನೆಗೆ ಡೊಮಿಂಗೋ ಅನ್ನೋನು ಎಂಟ್ರಿ ಕೊಡ್ತಾನೆ, ಆ ಪಾರ್ಟು ಮಾರ್ಸೆಲ್ಲೋ ಹೆರ್ನಾಂಡೆಜ್‌ದು. ರಾತ್ರೋರಾತ್ರಿ ಎಲ್ಲರ ಫೋನಲ್ಲೂ ಅದೇ. ಅಷ್ಟೊಳ್ಳೆ ಹಾಡುಗಾರ್ತಿ ಯಾಕೆ ಹಂಗೆ ಹಾಡಿದ್ಲು ಅಂತ ಬೈದವರೂ ಇದ್ರು, ಜೋಕೇ ಅದು ಸ್ವಾಮಿ ಅಂದವರೂ ಇದ್ರು. ಹಿಟ್ ಆದಮೇಲೆ ಡೊಮಿಂಗೋ ಮತ್ತೆ ಬಂದ, ಐವತ್ತು ವರ್ಷದ ಕಾರ್ಯಕ್ರಮಕ್ಕೂ ಬಂದ. ಅಲ್ಲಿಂದ "ಸಾಕಪ್ಪ" ಶುರು. ವಾರಕ್ಕೊಂದು ಶೋ ಖಾಲಿ ಹಾಳೆಯಿಂದ ಕಟ್ಟಬೇಕಾದವರಿಗೆ ಜನ ನಗೋದು ಗ್ಯಾರಂಟಿ ಇರೋ ಪಾತ್ರ ಅಂದ್ರೆ ಮನೆಯಲ್ಲಿರೋ ಉಪ್ಪಿನಕಾಯಿ ಭರಣಿ ಇದ್ದಂಗೆ, ಬೇರೇನೂ ತೋಚದಿದ್ದಾಗ ಕೈ ಅಲ್ಲಿಗೇ ಹೋಗತ್ತೆ.

ಇನ್ನು ವಿಚಿತ್ರವಾದ ಸ್ಕಿಟ್‌ಗಳೆಲ್ಲ ಯಾಕೆ ಕೊನೆಗೇ ಇರ್ತಾವೆ ಅಂದ್ರೆ, ಹನ್ನೆರಡು ಐವತ್ತರ ಹೊತ್ತಿಗೆ ಬರೋ ಆ ಜಾಗಕ್ಕೆ ಟೆನ್ ಟು ಒನ್ ಅಂತಲೇ ಹೆಸರು, ಎಲ್ಲರಿಗೂ ರುಚಿಸದೇ ಇರೋದನ್ನ ಅಲ್ಲಿಗೆ ತಳ್ತಾರೆ. ಹಳೇ ಫ್ಯಾನ್ಸ್ ಬಹಳ ಜನ ಅದಕ್ಕೇ ಕಾಯ್ತಾರೆ. ಡ್ರೆಸ್ ರಿಹರ್ಸಲ್‌ನಲ್ಲಿ ಮಾಡಿ ಲೈವಿಗೆ ಬರದೇ ಉಳಿದದ್ದು ಕೆಲವು "ಕಟ್ ಫಾರ್ ಟೈಮ್" ಅನ್ನೋ ಹೆಸರಲ್ಲಿ ಯೂಟ್ಯೂಬಿಗೆ ಬರತ್ತೆ, ಅದರ ಕೆಳಗೆ ಯಾವಾಗ್ಲೂ ಒಂದೇ ಕಾಮೆಂಟು, ಬಂದಿದ್ದಕ್ಕಿಂತ ಇದೇ ಚೆನ್ನಾಗಿತ್ತಲ್ಲ ಅಂತ.

"ಮೊದಲಿನ ಥರ ಇಲ್ಲ"

ಈ ಮಾತು 1980ರಿಂದಲೇ ಇದೆ, ಮೊದಲ ತಂಡ ಬಿಟ್ಟು ಹೋದಾಗಿಂದ. ಎಡ್ಡಿ ಮರ್ಫಿ ಇದ್ದಾಗ, ಫೆರೆಲ್ ಇದ್ದಾಗ, ಟೀನಾ ಫೇ ಇದ್ದಾಗ ಚೆನ್ನಾಗಿತ್ತು ಅಂತ ಒಬ್ಬೊಬ್ಬರದ್ದು ಒಂದೊಂದು ಕಾಲ. ಅವರವರು ಹೈಸ್ಕೂಲಲ್ಲಿದ್ದಾಗ ಇದ್ದ ತಂಡವೇ ಅವರಿಗೆ ಬೆಸ್ಟು ಅಂತ ಲಾರ್ನ್ ಮೈಕಲ್ಸೇ ಹೇಳಿದ್ದಿದೆ. ಇನ್ನೊಂದು ಕಾರಣನೂ ಇದೆ: ಹಳೇದರಲ್ಲಿ ನಮ್ಮ ಕಣ್ಣಿಗೆ ಬೀಳೋದು ಆರಿಸಿದ ಹತ್ತು ಕ್ಲಿಪ್ಪು, ಈ ವಾರದ್ದರಲ್ಲಿ ಬೀಳೋದು ಒಂದೂವರೆ ಗಂಟೆ ಪೂರ್ತಿ.

ಫ್ಯಾನ್ಸ್ ಮಾತು ನಡೆಯತ್ತಾ

ಒಂದೊಂದು ಸಲ. 1977ರಲ್ಲಿ ಯಾರು ಬೇಕಾದ್ರೂ ಹೋಸ್ಟ್ ಆಗಬಹುದು ಅಂತ ಸ್ಪರ್ಧೆ ಇಟ್ಟು, ನ್ಯೂ ಆರ್ಲಿಯನ್ಸ್‌ನ 80 ವರ್ಷದ ಅಜ್ಜಿಯೊಬ್ಬರನ್ನ ಹೋಸ್ಟ್ ಮಾಡಿದ್ರು. 2010ರಲ್ಲಿ ಫೇಸ್‌ಬುಕ್‌ನಲ್ಲಿ ಜನ ಗಂಟುಬಿದ್ದು ಬೆಟ್ಟಿ ವೈಟ್ ಅನ್ನೋ 88 ವರ್ಷದ ನಟಿಯನ್ನ ಕರೆಸಿದ್ರು, ಆಯಮ್ಮ ಮೊನೊಲಾಗಲ್ಲಿ ನಿಂತು, ಫೇಸ್‌ಬುಕ್ ಅಂದ್ರೆ ಏನು ಅಂತ ಈಗ ಗೊತ್ತಾಯ್ತು, ಟೈಮ್ ವೇಸ್ಟ್ ಅನ್ನೋ ಅರ್ಥದಲ್ಲಿ ಹೇಳಿ ಕರೆಸಿದವರಿಗೇ ಬತ್ತಿ ಇಟ್ರು.

ನಿಜವಾದ ವೋಟಿಂಗೂ ನಡೆದಿದೆ. 1982ರ ನವೆಂಬರ್ 20ರ ರಾತ್ರಿ, ಆ ಏಳು ವರ್ಷದ ಹುಡುಗಿ ಹೋಸ್ಟ್ ಆಗಿದ್ದಳಲ್ಲ ಅದೇ ಎಪಿಸೋಡು, ಆಂಡಿ ಕಾಫ್‌ಮನ್ ಅನ್ನೋ ಹಾಸ್ಯಗಾರನನ್ನ ಶೋದಲ್ಲಿ ಇಟ್ಕೋಬೇಕಾ ಬಿಡಬೇಕಾ ಅಂತ ಫೋನ್ ವೋಟ್ ತಗೊಂಡ್ರು. ಮೊಟ್ಟಮೊದಲ ಎಪಿಸೋಡಿಗೂ ಬಂದಿದ್ದ ಮನುಷ್ಯ. ಬಿಡಿ ಅಂದವರು 1,95,544, ಇರಲಿ ಅಂದವರು 1,69,186. ಅವನು ಮತ್ತೆ ಲೈವ್ ಆಗಿ ಆ ಸ್ಟೇಜ್ ಹತ್ತಲೇ ಇಲ್ಲ.

ಅದಕ್ಕೂ ಏಳು ತಿಂಗಳ ಮುಂಚೆ, ಏಪ್ರಿಲ್‌ನಲ್ಲಿ, ಎಡ್ಡಿ ಮರ್ಫಿ ಒಂದು ಜೀವಂತ ಲಾಬ್‌ಸ್ಟರ್ ಹಿಡ್ಕೊಂಡು ಬಂದು, ಇದರ ಹೆಸರು ಲ್ಯಾರಿ, ಇವನನ್ನ ಬೇಯಿಸಲೋ ಬಿಡಲೋ, ಫೋನ್ ಮಾಡಿ ಹೇಳಿ ಅಂದಿದ್ದ. ಹತ್ತಿರ ಹತ್ತಿರ ಐದು ಲಕ್ಷ ಫೋನ್ ಬಂತು, ಪ್ರತಿ ಕರೆಗೂ ದುಡ್ಡು ಕಟ್ಟಬೇಕಿತ್ತು, ಆದ್ರೂ. ಬಿಡಿ ಅಂದವರು ಸುಮಾರು ಹನ್ನೆರಡು ಸಾವಿರ ವೋಟಲ್ಲಿ ಗೆದ್ದರು, ಲ್ಯಾರಿ ಬಚಾವಾದ. ಮುಂದಿನ ವಾರ ಮರ್ಫಿ ಬಂದು ಅವನನ್ನ ಬೇಯಿಸಿಯೇಬಿಟ್ಟೆ ಅಂತ ಹೇಳಿ, ಕ್ಯಾಮೆರಾ ಮುಂದೆ ತಿಂದ.